ಅಂಟು ಹಚ್ಚುವ ಮೊದಲು: ಲೋಟಸ್ 49ರ ಕಿಟ್ಟನ್ನು ಅಳೆದು ನೋಡುವ ಬಗೆ

ಪೀಣ್ಯದ ಒಂದು ಟೂಲ್ ರೂಮಿನಲ್ಲಿ ಮೂವತ್ತೊಂದು ವರ್ಷ ಇನ್ಸ್‌ಪೆಕ್ಷನ್ ಮೇಜಿನ ಹಿಂದೆ ಕುಳಿತವನು ನಾನು. ಇನ್ನೊಬ್ಬರು ಮಾಡಿದ ಕೆಲಸದಲ್ಲಿ ತಪ್ಪು ಹುಡುಕುವುದಕ್ಕೇ ನನಗೆ ಸಂಬಳ. ನಿವೃತ್ತಿಯಾದ ಮೇಲೆ ಆ ಗುಣ ಎಲ್ಲಿಗೆ ಹೋದೀತು? ಹಳೆಯ ರೇಸ್ ಕಾರುಗಳ ಚಿಕ್ಕ ಮಾಡೆಲ್ ಜೋಡಿಸುವ ಪ್ಲಾಸ್ಟಿಕ್ ಕಿಟ್‌ಗಳ ಮೇಲೆ ತಿರುಗಿತು. ಪೆಟ್ಟಿಗೆ ಬಂದ ದಿನ ಎಲ್ಲರೂ ಚಿತ್ರ ನೋಡಿ ಸಂತೋಷಪಟ್ಟರೆ ನಾನು ವರ್ನಿಯರ್ ಹುಡುಕುತ್ತೇನೆ.

ಆದರೂ ನನ್ನ ಮೊದಲ ಲೋಟಸ್ 49, ಅಂದರೆ 1967ರ ಬ್ರಿಟಿಷ್ ಫಾರ್ಮುಲಾ ಒನ್ ರೇಸ್ ಕಾರಿನ ಮಾಡೆಲ್, ಪೂರ್ತಿ ತಪ್ಪಾಯಿತು. ತಪ್ಪು ಅಳತೆಯಲ್ಲಿ ಇರಲಿಲ್ಲ. ಇಂಗ್ಲೆಂಡಿನಲ್ಲಿರುವ ತಂಗಿಯ ಮಗ ಹಳೆಯ ಕಾರುಗಳ ರೇಸೊಂದಕ್ಕೆ ಹೋಗಿ, ಅಲ್ಲಿ ನಿಂತಿದ್ದ ನಿಜವಾದ 49ನ್ನು ಸುತ್ತುಹಾಕಿ ತೊಂಬತ್ತು ಫೋಟೋ ತೆಗೆದು ಕಳಿಸಿದ್ದ. ಅಸಲಿ ಕಾರೇ ಕಣ್ಣ ಮುಂದಿರುವಾಗ ಇನ್ನೇನು ಬೇಕು ಎಂದು ಎರಡೂವರೆ ತಿಂಗಳು ಕುಳಿತು, ಒಂದೊಂದು ಪೈಪನ್ನೂ ಅದರಂತೆಯೇ ಮಾಡಿದೆ. ಒಂದು ಭಾನುವಾರ ಮದ್ರಾಸಿನ ಬಳಿಯ ಶೋಳಾವರಂ ಕಾರ್ ರೇಸುಗಳನ್ನು ಕಂಡಿದ್ದ ಹಿರಿಯ ಸ್ನೇಹಿತರೊಬ್ಬರು ಮನೆಗೆ ಬಂದರು. ಕನ್ನಡಕ ಏರಿಸಿ ಐದು ನಿಮಿಷ ನೋಡಿದರು. ಕಾಫಿ ಲೋಟ ಕೆಳಗಿಟ್ಟು, "ಕೆಲಸ ಅಚ್ಚುಕಟ್ಟಾಗಿದೆ ರಾಯರೇ. ಆದರೆ ಇದು ಯಾವ ದಿನದ ಕಾರು?" ಎಂದರು.

1967ರಲ್ಲಿ ಜಿಮ್ ಕ್ಲಾರ್ಕ್ ಓಡಿಸಿದ ಕಾರು ಎಂದೆ. ಅವರು ಸೀಟಿನ ಕಡೆ ಬೆರಳು ತೋರಿಸಿದರು. ಒಳಗೆ ನಾನು ಹೆಮ್ಮೆಯಿಂದ ಮಾಡಿದ್ದ ಆರು ಎಳೆಯ ಸೀಟ್ ಬೆಲ್ಟ್! ಆ ಕಾಲದ ಗ್ರ್ಯಾನ್ ಪ್ರಿ ಚಾಲಕರಲ್ಲಿ ಬೆಲ್ಟ್ ಕಟ್ಟಿಕೊಳ್ಳುವವರೇ ವಿರಳ. ಫಾರ್ಮುಲಾ ಒನ್‌ನಲ್ಲಿ ಅದು ಕಡ್ಡಾಯವಾದದ್ದು 1972ರಲ್ಲಿ. ಬೆನ್ನ ಹಿಂದಿನ ಎತ್ತರದ ರೋಲ್ ಬಾರ್, ಬೆಂಕಿ ಆರಿಸುವ ಸಿಲಿಂಡರ್, ಎಲ್ಲವೂ ಇಂದಿನ ಸುರಕ್ಷತಾ ನಿಯಮಕ್ಕಾಗಿ ಆಮೇಲೆ ಸೇರಿಸಿದವು. ನನ್ನ ತಂಗಿಯ ಮಗ ತೆಗೆದದ್ದು ಅಸಲಿ ಕಾರಿನ ಫೋಟೋವೇ, ಆದರೆ ಅದು ಈ ಶತಮಾನದ ಕಾರಿನ ಫೋಟೋ.

ಆದ್ದರಿಂದ ವರ್ನಿಯರ್ ಮುಟ್ಟುವ ಮೊದಲು ಮಾಡಬೇಕಾದ ಕೆಲಸ ಇದು: ಒಂದು ಕಾಗದದ ಮೇಲೆ ತಾರೀಖು, ಊರು, ಚಾಲಕ, ಸಾಧ್ಯವಾದರೆ ಚಾಸಿ ಸಂಖ್ಯೆ ಬರೆದು ಕೆಲಸದ ಮೇಜಿನ ಎದುರಿನ ಗೋಡೆಗೆ ಅಂಟಿಸಿ. ನನ್ನ ಎರಡನೆಯ ಪ್ರಯತ್ನಕ್ಕೆ ಬರೆದದ್ದು: 4 ಜೂನ್ 1967, ಜಾಂಡ್‌ವೂರ್ಟ್, ಕ್ಲಾರ್ಕ್, 49/2.

ದಿನ ಆರಿಸುವುದು

ಲೋಟಸ್ 49 ಎಂಬುದು ಒಂದು ವಂಶದ ಹೆಸರು. ಹಾಲೆಂಡಿನ ಜಾಂಡ್‌ವೂರ್ಟ್‌ನಲ್ಲಿ ಮೊದಲ ಸಲ ರೇಸಿಗೆ ಇಳಿದಾಗ ಇದ್ದದ್ದು ಎರಡೇ ಕಾರು: ಗ್ರಹಾಂ ಹಿಲ್ ಅವರ 49/1, ಕ್ಲಾರ್ಕ್ ಅವರ 49/2. ಹಿಲ್ ಪೋಲ್, ಅಂದರೆ ಎಲ್ಲರಿಗಿಂತ ಮುಂದಿನಿಂದ ಹೊರಡುವ ಸ್ಥಾನ, ಪಡೆದರೂ ಎಂಜಿನ್ ಕೈಕೊಟ್ಟು ನಿಂತರು. ಅದೇ ವಾರಾಂತ್ಯದಲ್ಲಿ ಮೊದಲ ಬಾರಿಗೆ ಆ ಕಾರಿನಲ್ಲಿ ಕುಳಿತ ಕ್ಲಾರ್ಕ್ ಎಂಟನೆಯ ಸ್ಥಾನದಿಂದ ಹೊರಟು ಗೆದ್ದರು. 1968ರ ಜನವರಿ 1ರಂದು ದಕ್ಷಿಣ ಆಫ್ರಿಕಾದ ಕ್ಯಾಲಾಮಿಯಲ್ಲಿ ಅವರ ಕೊನೆಯ ಗ್ರ್ಯಾನ್ ಪ್ರಿ ಗೆಲುವು. ಆಗಲೂ ಕಾರು ಹಸಿರು, ಹಳದಿ ಪಟ್ಟಿ. ಅದೇ ತಿಂಗಳು ನ್ಯೂಜಿಲೆಂಡಿನ ಟಾಸ್ಮನ್ ರೇಸುಗಳಲ್ಲಿ ಕಾರಿಗೆ ಗೋಲ್ಡ್ ಲೀಫ್ ಸಿಗರೇಟಿನ ಕೆಂಪು, ಬಿಳಿ, ಚಿನ್ನದ ಬಣ್ಣ ಬಂತು. ಆದರೆ ಅದರ ಎಂಜಿನ್ ಮೂರು ಲೀಟರಿನದಲ್ಲ, ಎರಡೂವರೆ ಲೀಟರಿನದು. ಮೊನಾಕೊ 1968ಕ್ಕೆ ಬದಲಾದ ರೂಪ 49ಬಿ: ಮೂತಿಯ ಎರಡು ಕಡೆ ಚಿಕ್ಕ ರೆಕ್ಕೆ, ಹಿಂದೆ ಮೇಲಕ್ಕೆದ್ದ ಹೊದಿಕೆ, ಜೆಡ್‌ಎಫ್ ಕಂಪನಿಯ ಗೇರ್‌ಬಾಕ್ಸ್ ಹೋಗಿ ಹ್ಯೂಲ್ಯಾಂಡ್ ಕಂಪನಿಯದು. ಆ ಬೇಸಿಗೆಯಲ್ಲೇ ಕೋಲಿನ ಮೇಲೆ ನಿಂತ ಎತ್ತರದ ರೆಕ್ಕೆ. 1969ರ ಮೇ 4ರಂದು ಬಾರ್ಸಿಲೋನಾದಲ್ಲಿ ಹಿಲ್ ಮತ್ತು ಅವರ ತಂಡದ ಇನ್ನೊಬ್ಬ ಚಾಲಕ ರಿಂಟ್ ಇಬ್ಬರ ರೆಕ್ಕೆಗಳೂ ಮುರಿದು ದೊಡ್ಡ ಅಪಘಾತಗಳಾದವು. ಎರಡು ವಾರದ ನಂತರ ಮೊನಾಕೊದಲ್ಲಿ ಗುರುವಾರದ ಅಭ್ಯಾಸ ಮುಗಿದ ಮೇಲೆ ಆ ರೆಕ್ಕೆಗಳನ್ನೇ ನಿಷೇಧಿಸಿದರು. ಹಿಲ್ ಭಾನುವಾರ ಗೆದ್ದ ಕಾರಿಗೆ ಎತ್ತರದ ರೆಕ್ಕೆ ಇರಲಿಲ್ಲ. ಮೊನಾಕೊ 1969 ಎಂಬ ಫಲಕದ ಹಿಂದೆ ಎತ್ತರದ ರೆಕ್ಕೆಯ ಮಾಡೆಲ್ ಇಟ್ಟರೆ ಅದು ಗುರುವಾರದ ಕಾರು. ಗುರುವಾರದ ಕಾರನ್ನೇ ಮಾಡಿ, ತೊಂದರೆಯಿಲ್ಲ. ಫಲಕದಲ್ಲಿ ಹಾಗೆಂದು ಬರೆಯಿರಿ.

ಇದು ಲೋಟಸ್ ಒಂದರ ಪಾಡಲ್ಲ. ಫೋರ್ಡ್ ಜಿಟಿ40ಯ ಪಿ/1075 ಎಂಬ ಒಂದೇ ಚಾಸಿ 1968ರಲ್ಲಿ 9ನೇ ನಂಬರಿನಲ್ಲೂ 1969ರಲ್ಲಿ 6ನೇ ನಂಬರಿನಲ್ಲೂ ಫ್ರಾನ್ಸಿನ ಲೆ ಮಾನ್ಸ್ ರೇಸ್ ಗೆದ್ದಿತು. ಪೋರ್ಷೆ 917ರ ಹಿಂಭಾಗದಲ್ಲಿ ನೆಟ್ಟಗೆ ನಿಂತ ಫಿನ್‌ಗಳು 1971ರ ಲೆ ಮಾನ್ಸ್ ಗೆದ್ದ ಕಾರಿನಲ್ಲಿವೆ, 1970ರಲ್ಲಿ ಗೆದ್ದ ಕೆಂಪು-ಬಿಳಿ ಕಾರಿನಲ್ಲಿ ಇಲ್ಲ. ಒಂದೇ ಅಚ್ಚಿನಿಂದ ನಾಲ್ಕು ಬಗೆಯ ಪೆಟ್ಟಿಗೆ ಮಾರುವ ಕಿಟ್ ತಯಾರಕರು ಇಂಥಲ್ಲೇ ರಾಜಿ ಮಾಡಿಕೊಳ್ಳುತ್ತಾರೆ. ಹೀಗಾಗಿ ಪೆಟ್ಟಿಗೆಯ ಮೇಲಿನ ಇಸವಿಯನ್ನು ನಂಬಬೇಡಿ. ಒಳಗಿನ ಗೇರ್‌ಬಾಕ್ಸ್ ನೋಡಿ. 1967 ಎಂದು ಬರೆದು ಹ್ಯೂಲ್ಯಾಂಡ್ ಹಾಕಿದ್ದರೆ ನಿಮಗೆ ಸಿಕ್ಕಿರುವುದು ಮರುವರ್ಷದ ಕಾರು.

ನಾನು ಹಸಿರು ಕಾರನ್ನೇ ಆರಿಸಿದ್ದಕ್ಕೆ ಇನ್ನೊಂದು ಸ್ವಾರ್ಥವೂ ಇತ್ತು. ಇತ್ತೀಚಿನ ಕಿಟ್‌ಗಳಲ್ಲಿ ತಂಬಾಕಿನ ಹೆಸರುಗಳ ಡಿಕಾಲ್, ಅಂದರೆ ಮೈಮೇಲೆ ಅಂಟಿಸುವ ಅಚ್ಚಾದ ಅಕ್ಷರಗಳು, ಇರುವುದಿಲ್ಲ, ಬೇರೆ ಕಡೆಯಿಂದ ತರಿಸಬೇಕು. ಡಿಕಾಲ್ ಹಾಳೆಯ ಬೆಲೆಗಿಂತ ಕೊರಿಯರ್ ಮತ್ತು ಸುಂಕವೇ ಹೆಚ್ಚಾಗುತ್ತದೆ. 1967ರ ಕಾರಿಗೆ ಆ ಗೋಜಿಲ್ಲ.

ಅಳತೆ

49ರ ಚಕ್ರಾಂತರ, ಎಂದರೆ ಮುಂದಿನ ಆಕ್ಸಲಿನಿಂದ ಹಿಂದಿನ ಆಕ್ಸಲಿಗೆ ಇರುವ ದೂರ, 2413 ಮಿ.ಮೀ. ಮುಂದಿನ ಎರಡು ಚಕ್ರಗಳ ನಡುಗೆರೆಗಳ ನಡುವೆ 1524, ಹಿಂದೆ 1549. 1/20 ಅಳತೆಯಲ್ಲಿ ಇವು 120.65, 76.2, 77.45 ಆಗುತ್ತವೆ. 1/12 ಕಿಟ್ ಆದರೆ 12ರಿಂದ ಭಾಗಿಸಿ. ಈ ಮೂರು ಅಂಕಿಗಳನ್ನೂ ಗೋಡೆಯ ಕಾಗದದ ಮೇಲೆ ಬರೆಯಿರಿ.

ಇನ್ನು ಕಿಟ್ಟನ್ನು ಅಂಟಿಲ್ಲದೆ ಜೋಡಿಸಿ. ಮಾಸ್ಕಿಂಗ್ ಟೇಪಿನ ಸಣ್ಣ ಪಟ್ಟಿಗಳು ಸಾಕು. ಕೆಳಗೆ ಸಮತಟ್ಟಾದ ನೆಲೆ ಬೇಕು. ಅಡುಗೆಮನೆಯ ಕಟ್ಟೆಗೆ ಹಾಕಿಸಿ ಉಳಿದ ಗ್ರಾನೈಟ್ ತುಂಡನ್ನು ನಾನೂ ಮೊದಲು ಬಳಸಿದೆ. ಅದು ಹೊಳೆಯುತ್ತದೆ, ಅಷ್ಟೇ, ಸಮ ಇರುವುದಿಲ್ಲ. ಗಾಜಿನ ಅಂಗಡಿಯಲ್ಲಿ 10 ಮಿ.ಮೀ. ದಪ್ಪದ ತುಂಡು ಕೇಳಿ, ಅಂಚು ಉಜ್ಜಿಸಿಕೊಂಡು ಬನ್ನಿ. ಅಳತೆಯನ್ನು ಮೂರು ಸಲ ತೆಗೆದುಕೊಳ್ಳಿ, ಎಡಗಡೆ ಬಲಗಡೆ ಬೇರೆ ಬೇರೆಯಾಗಿ. ಎಡಕ್ಕೂ ಬಲಕ್ಕೂ ವ್ಯತ್ಯಾಸ ಬಂದರೆ ತಪ್ಪು ಅಚ್ಚಿನದಲ್ಲ, ನಿಮ್ಮ ಜೋಡಣೆಯದು.

ನನ್ನ ಕಿಟ್‌ನಲ್ಲಿ ಚಕ್ರಾಂತರ 121.3 ಬಂತು. ಯಾರ ಕಿಟ್ ಎಂದು ಹೇಳುವುದಿಲ್ಲ. ಅವರ ಉಳಿದ ಕೆಲಸಕ್ಕೆ ನಾನು ಋಣಿ. ವ್ಯತ್ಯಾಸ 0.65, ಅಸಲಿ ಕಾರಿನಲ್ಲಿ 13 ಮಿ.ಮೀ. ಶೇಕಡಾ ಅರ್ಧ. ಕಾರ್ಖಾನೆಯಲ್ಲಾಗಿದ್ದರೆ ಇಡೀ ಲಾಟನ್ನು ವಾಪಸ್ ಕಳಿಸುತ್ತಿದ್ದೆ. ಇಲ್ಲಿ ಮುಟ್ಟಲಿಲ್ಲ. ಪಾಲಿಸ್ಟೈರೀನ್ ಅಚ್ಚಿನಿಂದ ಬಂದು ತಣ್ಣಗಾಗುವಾಗ ಅಷ್ಟು ಪ್ರಮಾಣದಲ್ಲಿ ಕುಗ್ಗುತ್ತದೆ. ಅಚ್ಚು ಮಾಡುವವರು ಅದನ್ನು ಲೆಕ್ಕ ಹಿಡಿದಿರುತ್ತಾರೆ, ಒಮ್ಮೊಮ್ಮೆ ಲೆಕ್ಕ ಕೊಂಚ ತಪ್ಪುತ್ತದೆ. ನಾನು ಇಟ್ಟುಕೊಂಡಿರುವ ಮಿತಿ ಹೀಗಿದೆ: ಶೇಕಡಾ ಒಂದರೊಳಗೆ ಇದ್ದರೆ ಮರೆತುಬಿಡುವುದು, ಎರಡು ದಾಟಿದರೆ ಗರಗಸ ತೆಗೆಯುವುದು, ನಡುವಿನದಕ್ಕೆ ಮಾರನೆಯ ದಿನ ಬೆಳಿಗ್ಗೆ ಇನ್ನೊಮ್ಮೆ ನೋಡುವುದು.

ಚಕ್ರದ ವಿಷಯದಲ್ಲಿ ಮಾತ್ರ ಅಳತೆ ಗೊತ್ತಿರುವವರೂ ಮೋಸ ಹೋಗುತ್ತಾರೆ. 49ರ ಚಕ್ರ 15 ಇಂಚಿನದು, 381 ಮಿ.ಮೀ. ಅದನ್ನು 20ರಿಂದ ಭಾಗಿಸಿ 19.05 ಎಂದು ಬರೆದುಕೊಂಡು, ಕಿಟ್‌ನ ರಿಮ್ ಅಳೆದರೆ 20.8 ಬಂತು. ತಯಾರಕರು ಕುರುಡರೇ ಎಂದು ಒಂದು ಸಂಜೆಯೆಲ್ಲ ಸಿಟ್ಟಾಗಿದ್ದೆ. ಕುರುಡ ನಾನೇ ಆಗಿದ್ದೆ. 15 ಇಂಚು ಎಂಬುದು ಟಯರಿನ ಅಂಚು ಕೂರುವ ಜಾಗದ ವ್ಯಾಸ. ಅದರ ಹೊರಗೆ ಟಯರನ್ನು ಹಿಡಿದಿಡುವ ತುಟಿ ಸುತ್ತಲೂ ಸುಮಾರು 17 ಮಿ.ಮೀ. ಎದ್ದಿರುತ್ತದೆ. ಕಣ್ಣಿಗೆ ಕಾಣುವ ರಿಮ್ ಸುಮಾರು 415 ಮಿ.ಮೀ., 1/20ರಲ್ಲಿ 20.8ರ ಆಸುಪಾಸು. ನನ್ನ ಮಾತು ನಂಬದಿದ್ದರೆ ಕೆಳಗೆ ನಿಂತಿರುವ ನಿಮ್ಮ ಕಾರಿನ ಚಕ್ರಕ್ಕೆ ಟೇಪು ಹಿಡಿದು ನೋಡಿ.

ಫೋಟೋದಿಂದ ಅಳೆಯುವುದು

ಮೂತಿಯ ಉದ್ದ, ಗಾಳಿತಡೆಯ ಎತ್ತರ, ನಿಷ್ಕಾಸ ಕೊಳವೆ ಎಲ್ಲಿ ಮುಗಿಯುತ್ತದೆ, ಇವಕ್ಕೆಲ್ಲ ಅಂಕಿ ಸಿಗುವುದಿಲ್ಲ, ಫೋಟೋ ನೋಡಬೇಕು. ಪಕ್ಕದಿಂದ ತೆಗೆದ ಫೋಟೋದಲ್ಲಿ ಚಕ್ರಾಂತರವನ್ನೇ ಅಳತೆಗೋಲು ಮಾಡಿಕೊಂಡು ಉಳಿದದ್ದನ್ನು ಲೆಕ್ಕ ಹಾಕಬಹುದು ಎಂದು ಎಲ್ಲರೂ ಹೇಳುತ್ತಾರೆ. ಹಾಕಬಹುದು, ಆದರೆ ಇಲ್ಲೊಂದು ಹಳ್ಳವಿದೆ.

49ರಂಥ ತೆರೆದ ಚಕ್ರದ ಕಾರಿನಲ್ಲಿ ಮೈ ಕಿರಿದು, ಚಕ್ರ ಹೊರಗೆ. ಪಕ್ಕದಲ್ಲಿ ನಿಂತ ಕ್ಯಾಮೆರಾಗೆ ಟಯರಿನ ಹೊರಮುಖ ಹತ್ತಿರ, ಕಾರಿನ ಮೈ ಅದಕ್ಕಿಂತ ಅರ್ಧ ಮೀಟರಿಗೂ ಹೆಚ್ಚು ಹಿಂದೆ. ಐದು ಮೀಟರ್ ದೂರದಿಂದ, ಪಿಟ್‌ನಲ್ಲಿ ತೆಗೆದ ಫೋಟೋ ಆದರೆ ಚಕ್ರಕ್ಕೆ ಹೋಲಿಸಿದಾಗ ಮೈ ಸುಮಾರು ಶೇಕಡಾ ಹತ್ತು ಚಿಕ್ಕದಾಗಿ ಕಾಣುತ್ತದೆ. ಅದೇ ಫೋಟೋವನ್ನು ಟ್ರ್ಯಾಕಿನ ಅಂಚಿನಿಂದ ಉದ್ದ ಲೆನ್ಸಿನಲ್ಲಿ, ಮೂವತ್ತು ಮೀಟರ್ ದೂರದಿಂದ ತೆಗೆದಿದ್ದರೆ ವ್ಯತ್ಯಾಸ ಶೇಕಡಾ ಎರಡಕ್ಕಿಂತ ಕಡಿಮೆ. ಕಿಟ್‌ನ ಮೂತಿ ಉದ್ದವಾಯಿತು ಎಂದು ಜನ ಕೂಗುವ ಎಷ್ಟೋ ಸಂದರ್ಭಗಳಲ್ಲಿ ತಪ್ಪು ಪಿಟ್‌ನ ಫೋಟೋದ್ದು. ಆದ್ದರಿಂದ ಓಡುತ್ತಿರುವ ಕಾರಿನ ಫೋಟೋ ಹುಡುಕಿ. ಆಮೇಲೆ ರಿಮ್ ನೋಡಿ: ಅಡ್ಡ ಅಳತೆಯೂ ಉದ್ದ ಅಳತೆಯೂ ಒಂದೇ ಇದ್ದರೆ ಕ್ಯಾಮೆರಾ ನೇರ ಇತ್ತು. ಮೊಟ್ಟೆಯಾಗಿದ್ದರೆ ಆ ಫೋಟೋದಿಂದ ಬಣ್ಣ ನೋಡಿ, ನಂಬರಿನ ಜಾಗ ನೋಡಿ, ಅಳತೆ ತೆಗೆಯಬೇಡಿ.

ಹಾಗೆಂದು ಅಸಲಿ ಕಾರನ್ನೇ ಬಿಚ್ಚಿ ಅಳೆಯುವವರೂ ಇದ್ದಾರೆ. 1970ರ ದಶಕದಲ್ಲಿ ಜಪಾನಿನ ಟಾಮಿಯಾ ಕಂಪನಿ ಪೋರ್ಷೆ 934ರ 1/12 ಕಿಟ್ ಮಾಡಲು ನಿಜವಾದ 911 ಒಂದನ್ನು ಕೊಂಡು ಬಿಚ್ಚಿ ಹರಡಿತು. ಮತ್ತೆ ಜೋಡಿಸಲು ಪೋರ್ಷೆಯ ಕಡೆಯವರೇ ಬರಬೇಕಾಯಿತು. ಈ ಕತೆ ಓದಿದ ದಿನ ನನ್ನ ಹೆಂಡತಿಗೆ ಹೇಳಿದೆ. ಅವಳು ನಮ್ಮ ಮಾರುತಿಯ ಕೀಲಿಕೈ ಎತ್ತಿಟ್ಟಳು.

ಆ ಕಾಲದ ದೊಡ್ಡ ಕಿಟ್‌ಗಳಲ್ಲಿ ಎಷ್ಟೋ ಮೋಟಾರ್ ಹಾಕಿ ಓಡಿಸುವಂಥವು ಎಂಬುದನ್ನೂ ನೆನಪಿಡಿ. ಹಳೆಯ ಅಚ್ಚಿನ ಮರುಮುದ್ರಣ ನಿಮ್ಮ ಕೈಗೆ ಬಂದರೆ ಗೇರ್‌ಬಾಕ್ಸ್, ನೆಲಹಾಸು, ಹಿಂದಿನ ಆಕ್ಸಲ್ ಈ ಮೂರನ್ನು ಅನುಮಾನದಿಂದ ನೋಡಿ. ಮೋಟಾರಿಗೆ ಬಿಟ್ಟ ಜಾಗ ಎಲ್ಲಾದರೂ ಉಬ್ಬಿರುತ್ತದೆ.

ಏನನ್ನು ತಿದ್ದುವುದು

ನನ್ನ ಅನುಭವದಲ್ಲಿ ಕಣ್ಣಿಗೆ ಮೊದಲು ಹೊಡೆಯುವುದು ಉದ್ದ ಅಗಲ ಅಲ್ಲ, ದಪ್ಪ. ಒಂದು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ 1/20ರಲ್ಲಿ 20 ಮಿ.ಮೀ. ಆಗುತ್ತದೆ. ಅಸಲಿ ಕಾರಿನ ಗಾಳಿತಡೆ ತೆಳ್ಳಗಿನ ಪರ್ಸ್‌ಪೆಕ್ಸ್ ಹಾಳೆ. ಕಿಟ್‌ನದು ಮೀನಿನ ತೊಟ್ಟಿಯ ಗಾಜಿನಂತಿರುತ್ತದೆ. ಅದನ್ನು ಎಸೆಯಬೇಡಿ, ಅಚ್ಚಾಗಿ ಬಳಸಿ. ಹೊಸ ಶರ್ಟಿನ ಕಾಲರಿನ ಒಳಗೆ ಒಂದು ಪಾರದರ್ಶಕ ಪಟ್ಟಿ ಬರುತ್ತದಲ್ಲ, ಅದರ ದಪ್ಪ ಸುಮಾರು ಕಾಲು ಮಿಲಿಮೀಟರ್. ಕಿಟ್‌ನ ಗಾಳಿತಡೆಯ ಸುತ್ತ ಅದನ್ನು ಬಾಗಿಸಿ ಟೇಪು ಸುತ್ತಿ, ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿ, ತಣ್ಣೀರಿಗೆ ಹಾಕಿ. ಆಕಾರ ನಿಲ್ಲುತ್ತದೆ. ಕುದಿಯುವ ನೀರು ಬೇಡ. ಕಿಟ್‌ನ ಭಾಗವೂ ಸೊಟ್ಟಗಾಗುತ್ತದೆ, ನನಗೆ ಆಗಿದೆ.

ಎಂಜಿನ್ನಿನ ಮೇಲಿನ ಎಂಟು ಗಾಳಿ ಕಹಳೆಗಳಿಗೂ, ಅಂದರೆ ಎಂಜಿನ್ನಿಗೆ ಗಾಳಿ ಎಳೆದುಕೊಳ್ಳುವ ಕೊಳವೆಗಳಿಗೂ, ತೆಳ್ಳಗಾಗಿಸುವ ಇದೇ ಚಿಕಿತ್ಸೆ. 49ರ ಎಂಜಿನ್ ಆದ ಕಾಸ್‌ವರ್ತ್ ಡಿಎಫ್‌ವಿಯಲ್ಲಿ ಅವು ವಿ ಆಕಾರದ ನಡುವೆ, ನಿಷ್ಕಾಸ ಕೊಳವೆಗಳು ಹೊರಬದಿಗೆ. ಮೇಲಿನಿಂದ ನೋಡುವವರಿಗೆ ಮೊದಲು ಕಾಣುವುದೇ ಕಹಳೆಯ ಬಾಯಿ. ಬಾಯಿಯ ಅಂಚನ್ನು ಒಳಗಿನಿಂದ ಚೂಪು ಬ್ಲೇಡಿನ ತುದಿಯಿಂದ ತಿರುಗಿಸುತ್ತಾ ಕೆರೆದು ತೆಳ್ಳಗೆ ಮಾಡಿ. ಒಂದು ಕಹಳೆಗೆ ಹತ್ತು ನಿಮಿಷ. ಒಂದೇ ಕೂರಿಕೆಯಲ್ಲಿ ಎಂಟನ್ನೂ ಮುಗಿಸಲು ಹೋದರೆ ಏಳನೆಯದು ಸೀಳುತ್ತದೆ.

ರಿವೆಟ್‌ಗಳ ಬಗ್ಗೆ ನನಗೆ ಬಲವಾದ ಅಭಿಪ್ರಾಯವಿದೆ. ಅಸಲಿಯಲ್ಲಿ 5 ಮಿ.ಮೀ. ತಲೆಯ ರಿವೆಟ್ 1/20ರಲ್ಲಿ ಕಾಲು ಮಿಲಿಮೀಟರ್. ಹಲವು ಕಿಟ್‌ಗಳಲ್ಲಿ ಅದು ಅರ್ಧ ಮಿಲಿಮೀಟರ್ ಇರುತ್ತದೆ, ಹಬ್ಬಕ್ಕೆ ಕರಿದ ಬೂಂದಿ ಅಂಟಿಸಿದಂತೆ. 600ರ ಎಮರಿ ಪೇಪರ್ ಹಿಡಿದು ಅರ್ಧ ಎತ್ತರಕ್ಕೆ ಇಳಿಸಿಬಿಡಿ. ಬಣ್ಣದ ಎರಡು ಪದರ ಬಿದ್ದ ಮೇಲೆ ಇದ್ದೂ ಇಲ್ಲದಂತೆ ಕಾಣಬೇಕು.

ಬಣ್ಣ

ಬ್ರಿಟಿಷ್ ರೇಸಿಂಗ್ ಹಸಿರು ಎಂಬುದು ಒಂದೇ ಬಣ್ಣವಲ್ಲ. ಒಂದೊಂದು ತಂಡದ್ದು ಒಂದೊಂದು ಹಸಿರು. ಐವತ್ತು ವರ್ಷಕ್ಕೂ ಹಿಂದಿನ ಫಿಲಂ ಬೇರೆ ಮಾಸಿರುತ್ತದೆ. ಒಂದೇ ರೇಸಿನ ಮೂರು ಫೋಟೋ ಎದುರಿಗಿಟ್ಟುಕೊಂಡು, ಪ್ರತಿಯೊಂದರಲ್ಲೂ ಟಯರಿನ ಕಪ್ಪು ಮತ್ತು ಯಾವುದಾದರೂ ಬಿಳಿ ಅಂಗಿ ಹೇಗೆ ಕಾಣುತ್ತವೆ ನೋಡಿ. ಬಿಳಿ ಅಂಗಿ ಹಳದಿಯಾಗಿದ್ದರೆ ಹಸಿರೂ ಅಷ್ಟೇ ಹಳದಿಗೆ ತಿರುಗಿದೆ ಎಂದರ್ಥ. ಕ್ಯಾಮೆರಾ ಮತ್ತು ಬಣ್ಣದ ಜಗಳಕ್ಕೆ ದೊಡ್ಡ ಉದಾಹರಣೆ 1988ರ ಮೆಕ್‌ಲಾರೆನ್: ಟಿವಿಯಲ್ಲಿ ಸಿಗರೇಟು ಪ್ಯಾಕಿನ ಕೆಂಪಾಗಿ ಕಾಣಲೆಂದು ಅದಕ್ಕೆ ಬಳಿದದ್ದು ಕಿತ್ತಳೆಗೆ ಹತ್ತಿರವಾದ ಹೊಳಪು ಕೆಂಪು. ಟಿವಿ ನೋಡಿ ಬಣ್ಣ ಬೆರೆಸಿದವರ ಮಾಡೆಲ್ ಕಾರಿನ ಪಕ್ಕ ಇಟ್ಟರೆ ಬೇರೆಯೇ ಬಣ್ಣ.

ನನ್ನ ಪದ್ಧತಿ ಸರಳ. ಐದು ಪ್ಲಾಸ್ಟಿಕ್ ಚಮಚಗಳ ಬೆನ್ನಿಗೆ ಐದು ಬೆರಕೆ ಬಳಿದು ಒಣಗಿಸಿ, ಬೆಳಿಗ್ಗೆ ಹತ್ತರ ಹೊತ್ತಿಗೆ ತಾರಸಿಯಲ್ಲಿ ಫೋಟೋಗಳ ಪಕ್ಕ ಇಟ್ಟು ಆರಿಸುತ್ತೇನೆ. ನಿಜವಾದ ಬಣ್ಣಕ್ಕಿಂತ ಒಂದು ಹನಿ ಬಿಳಿ ಹೆಚ್ಚಿರಲಿ. ಚಿಕ್ಕ ವಸ್ತುವಿನ ಮೇಲೆ ಗಾಢ ಹಸಿರು ಕಪ್ಪಾಗಿಬಿಡುತ್ತದೆ. ಬೆಂಗಳೂರಿನ ಜುಲೈ ತಿಂಗಳ ತೇವದಲ್ಲಿ ಲ್ಯಾಕರ್ ಹೊಡೆಯಬೇಡಿ, ಮೇಲೆ ಬಿಳಿ ಮಂಜು ಕಟ್ಟುತ್ತದೆ. ಮಳೆ ಬಿಟ್ಟ ಮಧ್ಯಾಹ್ನಕ್ಕೆ ಕಾಯಿರಿ. ಆ ಹೊತ್ತಿಗೆ ಕಹಳೆ ಕೆರೆಯುವ ಕೆಲಸ ಹೇಗೂ ಇರುತ್ತದೆ.

ಕೊನೆಗೆ ಅಂಟು

49ರಲ್ಲಿ ಎಂಜಿನ್ನೇ ಕಾರಿನ ಬೆನ್ನುಮೂಳೆ. ಚಾಲಕ ಕೂರುವ ತೊಟ್ಟಿ ಅವನ ಬೆನ್ನ ಹಿಂದೆಯೇ ಮುಗಿಯುತ್ತದೆ. ಅದಕ್ಕೆ ಡಿಎಫ್‌ವಿಯನ್ನು ಬೋಲ್ಟ್ ಮಾಡಿ, ಹಿಂದಿನ ಸಸ್ಪೆನ್ಷನ್ನಿನ ಭಾರವನ್ನೆಲ್ಲ ಎಂಜಿನ್ ಮತ್ತು ಗೇರ್‌ಬಾಕ್ಸಿನ ಮೇಲೆ ಹೊರಿಸಿದ್ದಾರೆ. ನಡುವೆ ಬೇರೆ ಚೌಕಟ್ಟಿಲ್ಲ. ಮಾಡೆಲಿನಲ್ಲೂ ಹಾಗೆಯೇ. ತೊಟ್ಟಿಗೂ ಎಂಜಿನ್ನಿಗೂ ನಡುವಿನ ಆ ಒಂದು ಅಂಟಿನ ಜಾಗದಲ್ಲಿ ಒಂದು ಡಿಗ್ರಿ ಓರೆಯಾದರೆ ಹಿಂದಿನ ಆಕ್ಸಲ್ ಸುಮಾರು ಮುಕ್ಕಾಲು ಮಿಲಿಮೀಟರ್ ಪಕ್ಕಕ್ಕೆ ಹೋಗುತ್ತದೆ, ಇಷ್ಟು ಹೊತ್ತು ಅಳೆದ ಅಂಕಿಗಳೆಲ್ಲ ನೀರುಪಾಲು. ಇಲ್ಲಿ ತಕ್ಷಣ ಹಿಡಿಯುವ ಅಂಟು ಬಳಸಬೇಡಿ. ನಿಧಾನವಾಗಿ ಒಣಗುವ ಅಂಟು ಹಚ್ಚಿ, ಗಾಜಿನ ಮೇಲೆ ಇಟ್ಟು, ಎರಡೂ ಪಕ್ಕಕ್ಕೆ ಸ್ಟೀಲ್ ಸ್ಕೇಲ್ ಒರಗಿಸಿ ಭಾರ ಕೊಡಿ. ಅಂಟು ಹಸಿ ಇರುವಾಗಲೇ ಎಡಬಲದ ಚಕ್ರಾಂತರವನ್ನು ಮತ್ತೆ ಅಳೆಯಿರಿ.

ನಿಲುವಿನ ಎತ್ತರವನ್ನೂ ಈಗಲೇ ನೋಡಬೇಕು. ಕಿಟ್‌ಗಳು ಅಂಗಡಿಯಲ್ಲಿ ನಿಂತ ಸೈಕಲ್ಲಿನಂತೆ ಎದ್ದು ನಿಲ್ಲುತ್ತವೆ. ಪೆಟ್ರೋಲ್ ತುಂಬಿ ಚಾಲಕ ಕುಳಿತ ಕಾರು ಕುಗ್ಗಿರುತ್ತದೆ. ನನ್ನದು ಫೋಟೋಗಿಂತ 1.5 ಮಿ.ಮೀ. ಎತ್ತರ ಇತ್ತು, ಅಸಲಿ ಲೆಕ್ಕದಲ್ಲಿ 30 ಮಿ.ಮೀ. ಸಸ್ಪೆನ್ಷನ್ನಿನ ಮೇಲಿನ ತೋಳುಗಳ ರಂಧ್ರಗಳನ್ನು ಕೊಂಚ ಉದ್ದ ಮಾಡಿ ಇಳಿಸಿದೆ. ಆಮೇಲೆ ನಾಲ್ಕೂ ಟಯರುಗಳ ತಳವನ್ನು ಎಮರಿ ಪೇಪರಿನ ಮೇಲೆ ನಾಲ್ಕೈದು ಸಲ ಎಳೆದು ಚಪ್ಪಟೆ ಮಾಡಿದೆ. ಟಯರು ನೆಲದ ಮೇಲೆ ಭಾರ ಹೊತ್ತು ನಿಂತಂತೆ ಕಾಣಲು ಅಷ್ಟು ಸಾಕು.

ಕೊನೆಯ ಪರೀಕ್ಷೆಗೆ ಪತ್ರಿಕೆಯ ಅಂಚಿನಿಂದ ನಾಲ್ಕು ಕಾಗದದ ಪಟ್ಟಿ ಕತ್ತರಿಸಿ, ಒಂದೊಂದು ಟಯರಿನ ಕೆಳಗೆ ಒಂದೊಂದು ಇಡಿ. ಮೆಲ್ಲಗೆ ಎಳೆಯಿರಿ. ನಾಲ್ಕೂ ಒಂದೇ ಬಿಗಿಯಲ್ಲಿ ಹಿಡಿದರೆ ರಾತ್ರಿಯಿಡೀ ಹಾಗೆಯೇ ಬಿಡಿ, ಮೇಲೊಂದು ಪಾತ್ರೆ ಮುಚ್ಚಿ, ಮೊಮ್ಮಕ್ಕಳಿಗೆ ತೋರಿಸಬೇಡಿ. ಒಂದು ಪಟ್ಟಿ ಸಲೀಸಾಗಿ ಈಚೆ ಬಂದರೆ ಅದಕ್ಕೆ ಕರ್ಣದ ಎದುರಿನ ಚಕ್ರವನ್ನು ನೋಡಿ. ಎಷ್ಟೋ ಸಲ ಅಂಟು ಓರೆಯಾಗಿರುವುದು ಅಲ್ಲಿ.